ಬಿಳಿ ರಕ್ತದ ಮನೆತನ

ಗೋಕಾಕದ ಇಂದುಬಾಯಿಯವರ ಮನೆಯಲ್ಲಿ ಆ ಮಧ್ಯಾಹ್ನ ಒಂದು ಮಹತ್ವದ ಪ್ರಶ್ನೆ ಇತ್ಯರ್ಥಕ್ಕೆ ಕಾದಿತ್ತು. ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಇಟ್ಟ ಸಂಡಿಗೆಯನ್ನು ಈಗಲೇ ಮಗುಚಿ ಹಾಕಬೇಕೋ, ಇನ್ನೊಂದು ತಾಸು ಬಿಸಿಲು ಕುಡಿಯಲು ಬಿಡಬೇಕೋ ಎಂಬುದು. ಅವಸರ ಮಾಡಿದರೆ ಮುರಿಯುತ್ತವೆ, ತಡಮಾಡಿದರೆ ಬಟ್ಟೆಗೆ ಕಚ್ಚಿಕೊಳ್ಳುತ್ತವೆ. ದಿಲ್ಲಿಯಲ್ಲಿ ಸರಕಾರಗಳು ಬೀಳುತ್ತ ಏಳುತ್ತ ಇದ್ದ ವರ್ಷಗಳು ಅವು. ಯಾವ ಸರಕಾರವೂ ಇಷ್ಟು ಯೋಚನೆ ಮಾಡಿ ಬಿದ್ದಿರಲಾರದು. ಇಂದುಬಾಯಿ ಒಂದು ಕಾಲನ್ನು ನಿಚ್ಚಣಿಕೆಯ ಮೇಲೆ ಇಟ್ಟಿದ್ದರು. ಆಗ ಫೋನು ಬಡಿದುಕೊಂಡಿತು.

"ಹಲೋ... ಹಲೋ? ಯಾರ್ರಿ ಮಾತಾಡೋದು?..."

ಆ ಕಡೆಯಿಂದ ಒಂದೇ ಮಾತು ಬಂತು, ಅದರ ಹಿಂದೆ ಒಂದು ಏದುಸಿರು. ಅದು ಅವರ ಗಂಡ ಆದಿನಾಥರ ದನಿ. ಆದಿನಾಥರು ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು.

"ಯಾರು?... ಯಾರ್ರಿ ಅಂದ್ನಿ... ಹೆಸರು ಹೇಳ್ರಿ ಮದ್ಲ, ಹೆಸರು..."

"ಹಾಂ... ಧನ್ಯಾ? ಹುಕ್ಕೇರಿ ಧನ್ಯಾನ?... ಹೂನಪ್ಪಾ, ಜೈ ಜಿನೇಂದ್ರ. ಜೈ ಜಿನೇಂದ್ರ... ಇಲ್ಲೋ, ಅಂಜಿಲ್ಲ. ನಾ ಯಾಕ ಅಂಜಲಿ? ಯಾವಾಗ್ಲೂ ಫೋನು ಗೌರಾ ಮಾಡ್ತಾಳಲ್ಲ, ಅದಕ್ಕ..."

ಧನ್ಯಕುಮಾರ ಇಂದುಬಾಯಿಯವರ ಮೈದುನ. ಹುಕ್ಕೇರಿಯಲ್ಲಿ ಅರಿವೆ ಅಂಗಡಿ ಇಟ್ಟುಕೊಂಡವನು. ಅಣ್ಣತಮ್ಮಂದಿರ ದನಿ ಮೊದಲಿನಿಂದ ಒಂದೇ ಅಚ್ಚಿನದು. ಈಚೆಗೆ ತಮ್ಮನೂ ಮೈತುಂಬಿಕೊಂಡ ಮೇಲೆ ಉಸಿರು ಕೂಡ ಅಣ್ಣನದೇ ಆಗುತ್ತ ಬಂದಿತ್ತು. ನಾಲ್ಕು ಮಾತಿಗೊಮ್ಮೆ ಗಂಟಲಲ್ಲಿ ಸಣ್ಣ ಸೀಟಿ. ಎದುರಿಗೆ ಕೂತು ಮಾತಾಡಿದರೆ ತೊಂದರೆಯಿಲ್ಲ, ಮುಖ ಬೇರೆ. ಫೋನಿನಲ್ಲಿ ಮುಖ ಇರುವುದಿಲ್ಲ. ಅದಕ್ಕೇ ಇಂದುಬಾಯಿ ಆತನ ಹೆಂಡತಿ ಗೌರಕ್ಕನಿಗೆ, ಹುಕ್ಕೇರಿಯಿಂದ ಫೋನು ಮಾಡುವುದಿದ್ದರೆ ನೀನೇ ಮಾಡು ಎಂದು ತಾಕೀತು ಮಾಡಿದ್ದರು. ಕಾರಣ ಹೇಳಿರಲಿಲ್ಲ. ಹೇಳಿದ್ದರೆ ಮಂದಿ ಅದನ್ನೂ ಒಂದು ಪವಾಡದ ಲೆಕ್ಕಕ್ಕೆ ಸೇರಿಸುತ್ತಿದ್ದರು.

"ಹೂಂ, ಇಲ್ಲೂ ಆತು ಮಹಾವೀರ ಜಯಂತಿ. ಮುಂಜಾನೆ ಬಸದಿಗಿ ಹೋಗಿ ಬಂದ್ನಿ... ಏನು? ರಕ್ತದಾನ ಶಿಬಿರ? ಅಂಗಡಿಕಾರರು ಕೂಡಿ ಮಾಡಿದ್ರಾ? ಛಲೋ ಆತು ಬಿಡು, ಒಂದ ದಿನ ನೀವು ಕೊಟ್ಟೀರಿ ಅಂತಾತು... ನೀನೂ ಕೊಟ್ಟಿ?..."

"ಕೊಡ್ಲಿಲ್ಲ? ಯಾಕ?... ತಗೊಳ್ಳಿಲ್ಲ? ಅವರ ಬ್ಯಾಡಂದ್ರಾ?... ಏನ್ ಬೆಳ್ಳಗ?..."

"ಧನ್ಯಾ, ನಿಂದ್ರು. ಸಾವಕಾಶ ಹೇಳು. ಮದ್ಲ ತಪಾಸಣಿಗಿ ಅಂತ ಒಂದೀಟ ತಗದ್ರು. ಕಾಜಿನ ನಳಿಗ್ಯಾಗ ಹಾಕಿ ಇಟ್ರು. ಹಾಂ... ನೀವೆಲ್ಲಾ ಭಾಷಣ ಕೇಳಿ ಬಂದು ನೋಡಿದ್ರ... ಕೆಳಗ ಕೆಂಪು... ಮ್ಯಾಲ?..."

"ಕೆನಿ? ಹಾಲಿನ ಕೆನಿ ಇದ್ದಂಗ?..."

ಇಂದುಬಾಯಿ ಗೋಡೆ ಹಿಡಿದು ನೆಲದ ಮೇಲೆ ಕುಳಿತರು. ಕುರ್ಚಿ ಒಂದು ಮಾರು ದೂರದಲ್ಲೇ ಇತ್ತು.

ತೀರ್ಥಂಕರರ ರಕ್ತ ಹಾಲಿನಂತೆ ಬೆಳ್ಳಗಿರುತ್ತದೆ ಎಂಬುದನ್ನು ಜೈನರ ಮನೆಯ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಹೀಗಾಗಿ ಬೇರೆಯವರ ಮನೆಯಲ್ಲಿ ರಕ್ತ ಬೆಳ್ಳಗಾದರೆ ಡಾಕ್ಟರನ್ನು ಹುಡುಕುತ್ತಾರೆ. ಈ ಮನೆಯಲ್ಲಿ ಆರತಿ ತಟ್ಟೆ ಹುಡುಕಿದ್ದರು. ಆದಿನಾಥರು ಮೂಡಲಗಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ, ಜ್ವರ ಬಂದಿದೆಯೆಂದು ರಕ್ತ ತೆಗೆಸಿದಾಗ ನಳಿಗೆಯಲ್ಲಿ ಇದೇ ಕೆನೆ ಕಟ್ಟಿತ್ತು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕಣ್ಣಿಗೆ ಒತ್ತಿಕೊಂಡರು, ದೇವರ ಮನೆಗೆ ಒಯ್ದರು. ಜ್ವರ ಇಳಿಯುವಷ್ಟರಲ್ಲಿ ಅಂಗಳದ ತುಂಬ ಜನ. ಗಿಣ್ಣ ತಿನ್ನುವ, ತುಪ್ಪ ಸುರಿದುಕೊಳ್ಳುವ, ಗಿರಾಕಿಯ ಜೊತೆ ತೂಕಕ್ಕಾಗಿ ಜಗಳಾಡುವ ದಪ್ಪ ಹೊಟ್ಟೆಯ ಗೃಹಸ್ಥರು ಒಂದೇ ವಾರದಲ್ಲಿ ಪೂಜ್ಯರಾದರು. ಅವರೂ ಬಹಳ ವಿರೋಧಿಸಲಿಲ್ಲ.

"ಯಾರ್ಯಾರು ನೋಡಿದ್ರು?... ಎಲ್ಲಾರೂನ? ಆ ರಗತ ತಗಿಯಾಂವ ಏನಂದಾ?... ಇವತ್ತ ದವಾಖಾನಿಗಿ ಹೋಗ್ರಿ ಅಂದಾ? ಮತ್ತ?... ಅಂವಾ ಜೈನ ಅಲ್ಲ, ಅಂವಗೇನ ತಿಳೀತೈತಿ ಅಂದ್ರಾ! ಭಲೆ. ಇನ್ನ ಮ್ಯಾಲ ಕಾಲು ಮುರಿದ್ರ ನಮ್ಮ ಪಂಡಿತರ ಕಡೇನ ಪಟ್ಟಿ ಕಟ್ಟಿಸ್ಕೋರಿ..."

"ಮಂಟಪ? ಯಾತರ ಮಂಟಪ?... ಮನಿ ಮುಂದನ? ಈಗ?... ಹಿಂದ ಅದೇನು ಗದ್ಲ, ಭಜನಿ ಮಂದೀನ?... ಇಲ್ಲ, ಕೇಳಸ್ತೈತಿ, ತಾಳ ಛಲೋ ಕೇಳಸ್ತೈತಿ. ನಿನ್ನ ಮಾತ ಕೇಳಸವಲ್ದು, ಅಷ್ಟ..."

"ನಾನ್ಯಾಕ ಬರಬೇಕು ಅಲ್ಲಿಗಿ?... ಅವರ ಫೋಟೋ ತಗೊಂಡು?... ನಿನ್ನ ಬಾಜೂ ಕುಂದ್ರಾಕ?..."

ಅಂದರೆ ವಿಷಯ ಇದು. ಸಂಜೆಯ ಬಸ್ಸಿಗೆ ವೈನಿ ಇಂದುಬಾಯಿ ಅಣ್ಣನ ಫೋಟೋ ತೆಗೆದುಕೊಂಡು ಬರಬೇಕು, ಆ ಫೋಟೋದ ಪಕ್ಕದಲ್ಲಿ ತಮ್ಮ ಕೂರಬೇಕು, ಮಂದಿ ಸಾಲುಹಿಡಿದು ಬಂದು ನೋಡಬೇಕು. ಒಂದೇ ಮನೆತನದಲ್ಲಿ ಎರಡನೆಯ ಸಲ, ಅದೂ ಜಯಂತಿಯ ದಿನವೇ. ಹುಕ್ಕೇರಿಯಲ್ಲಿ ಇದನ್ನು ಅಲ್ಲಗಳೆಯಲು ಕಲ್ಲೆದೆ ಬೇಕು. ಇಂದುಬಾಯಿ ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದರು. ಅವರ ಕಣ್ಣಿಗೆ ಬಿದ್ದದ್ದು ಫೋಟೋದ ಮುಖವಲ್ಲ, ಆ ಮುಖ ಕಡೆಯ ದಿನ ತಾಳಿದ್ದ ಬಣ್ಣ. ಅಂಥ ಇನ್ನೊಂದು ಮುಖ ನೋಡುವುದು ಅವರಿಂದ ಆಗದು.

"ಧನ್ಯಾ, ಒಂದು ಕೇಳ್ತೇನಿ, ಖರೆ ಹೇಳು. ಮನಿಯಿಂದ ಅಂಗಡಿಗಿ ನಡ್ಕೋತ ಹೋಗ್ತಿ ಏನು?... ಹೋಗ್ತಿ. ದಾರ್ಯಾಗ ಎಲ್ಯರ ನಿಂದರ್ತಿ?..."

"ನಗಬ್ಯಾಡ, ಹೇಳು. ನಿಂದರ್ತಿಲ್ಲೋ?... ಮೀನಖಂಡದಾಗ ಹಿಡದಂಗ ಆಗತೈತಿ. ನಿಂತ್ರ ಬಿಡ್ತೈತಿ. ಮತ್ತ ನಡದ್ರ ಮತ್ತ ಹಿಡೀತೈತಿ... ಹೂಂ... ಹೂಂ... ಮಂದಿ ಏನಂತಾರ?... ಅಣ್ಣನಂಗ ಅಂತಾರ. ನನಗ ಗೊತ್ತಿತ್ತು, ಹಂಗ ಅಂತಾರ ಅಂತ."

ಮೂಡಲಗಿಯಲ್ಲಿ ಮನೆಯಿಂದ ಬಸದಿಗೆ ಹೋಗುವಾಗ ಆದಿನಾಥರು ದಾರಿಯಲ್ಲಿ ನಿಲ್ಲುತ್ತಿದ್ದರು. ಗಿರಣಿಯ ಮುಂದೆ ಒಮ್ಮೆ, ಬೇವಿನ ಗಿಡದ ಕೆಳಗೆ ಒಮ್ಮೆ. ಕೈ ಇಳಿಬಿಟ್ಟು, ಕಣ್ಣು ಅರೆಮುಚ್ಚಿ, ಕಂಬದಂತೆ. ಜೈನರಲ್ಲಿ ಹಾಗೆ ನಿಂತು ಮಾಡುವ ಧ್ಯಾನಕ್ಕೆ ಕಾಯೋತ್ಸರ್ಗ ಎನ್ನುತ್ತಾರೆ; ದೇಹದ ಮೇಲಿನ ಮೋಹ ಬಿಟ್ಟವರ ನಿಲುವು ಅದು. ನೋಡಿದವರು ಚಪ್ಪಲಿ ಕಳಚಿ ಬದಿಗೆ ಸರಿದರು. ಯಾರೋ ಪುಣ್ಯಾತ್ಮರು ಬೇವಿನ ಗಿಡಕ್ಕೆ ಕಟ್ಟೆ ಕಟ್ಟಿಸಿ, ಕಲ್ಲಿನ ಮೇಲೆ ಹೆಸರು ಕೆತ್ತಿಸಿದರು. ಆದಿನಾಥರು ಆ ಕಟ್ಟೆಯ ಮೇಲೆ ಕೂತು ಕಾಲು ತಿಕ್ಕಿಕೊಳ್ಳಬಹುದಿತ್ತು. ಆದರೆ ಪೂಜ್ಯರಾದವರಿಗೆ ನಡುಬೀದಿಯಲ್ಲಿ ಕಾಲು ತಿಕ್ಕಿಕೊಳ್ಳಲು ಬರುವುದಿಲ್ಲ. ನಿಂತೇ ಇದ್ದರು.

"ಅದು ಧ್ಯಾನ ಅಲ್ಲೋ ಧನ್ಯಾ... ಅಲ್ಲ ಅಂದ್ನಿ. ರಾತ್ರಿ ನನ್ನ ಕಡೆ ಕಾಲು ತಿಕ್ಕಸ್ಕೊಂಡು ಅಳತಿದ್ರು ನಿಮ್ಮಣ್ಣ. ನಿಂದ್ರೂದಲ್ಲ ಇಂದೂ, ನಡಿಯಾಕ ಆಗವಲ್ದು, ಅಂತಿದ್ರು... ನಾ ಯಾಕ ಸುಳ್ಳ ಹೇಳಲಿ?..."

"ಆವಾಗ ಯಾಕ ಹೇಳಲಿಲ್ಲ? ಹೇಳಿದ್ನೆಲ್ಲ! ನಿಮ್ಮವ್ವಗ ಹೇಳಿದ್ನಿ, ಪಂಡಿತರಿಗಿ ಹೇಳಿದ್ನಿ, ನಿನಗೂ ಹೇಳಿದ್ನಿ. ನೆನಪ ಮಾಡ್ಕೋ. ನೀ ಬಗ್ಗಿ ನನ್ನ ಕಾಲಿಗಿ ನಮಸ್ಕಾರ ಮಾಡಿ ಹ್ವಾದಿ. ಎಲ್ಲಾರೂ ಹಂಗ. ನಾ ಬಾಯಿ ತಗದ್ರ ಸಾಕು, ಕಾಲಿಗಿ ಬೀಳತಿದ್ರು. ಬಿದ್ದಾವ್ರಿಗಿ ಕಿವಿ ಎಲ್ಲಿರತಾವ?..."

ಆ ಕಡೆ ಆತ ಏನೋ ಉದ್ದಕ್ಕೆ ಹೇಳುತ್ತಿದ್ದ. ಹೇಳುತ್ತಿದ್ದವನು ಮೈದುನ, ಕೇಳಿಸುತ್ತಿದ್ದದ್ದು ಗಂಡ. ಇಂದುಬಾಯಿ ಫೋನನ್ನು ಕಿವಿಯಿಂದ ತುಸು ದೂರ ಹಿಡಿದರು. ದನಿ ದೂರವಾಗಿ ಇನ್ನೂ ಹೆಚ್ಚು ಗಂಡನದೇ ಆಯಿತು, ಅಟ್ಟದ ಮೆಟ್ಟಿಲಿನ ನಡುವೆ ನಿಂತು ಕರೆದಂತೆ. ಮತ್ತೆ ಹತ್ತಿರ ತಂದರು.

"ಅಲ್ಲೋ, ಅದು ಕೊಬ್ಬು. ಬರೇ ಕೊಬ್ಬು. ನಿಮ್ಮಣ್ಣ ಹ್ವಾದ ಮ್ಯಾಲ ಗೋಕಾಕದ ಡಾಕ್ಟರು ನನಗ ಕುಂದ್ರಿಸಿ ತಿಳಿಸಿ ಹೇಳ್ಯಾರ. ತಿಂದ ಎಣ್ಣಿ, ತುಪ್ಪ, ಸಕ್ಕರಿ, ಎಲ್ಲಾ ಒಳಗ ಕೊಬ್ಬಾಗಿ ರಗತದಾಗ ತೇಲಾಕತ್ತೇತಿ. ಕೆಲವು ಮನಿತನದಾಗ ಅದು ಕರಗೂದ ಇಲ್ಲಂತ... ಹೂಂ, ಮನಿತನದಾಗ ಬರತೈತಿ, ಅದೊಂದ ಮಾತ ನೀವು ಖರೆ ಹಿಡದೀರಿ..."

"ತೇಲಿದ್ರ ಏನಾಗತೈತಿ?... ಥಂಡ್ಯಾಗ ತುಪ್ಪದ ಗಿಂಡಿ ಬಗ್ಗಿಸಿ ನೋಡಿಯೇನು? ಬಾಯಾಗ ಕಟಗೊಂಡು ನಿಂದ್ರತೈತಿಲ್ಲೋ? ರಗತ ಹಂಗ ದಪ್ಪ ಆಗತೈತಿ, ಸಾವಕಾಶ ಹರೀತೈತಿ. ನರದ ಗ್ವಾಡಿಗಿ ಒಳಗಿಂದ ಜಿಡ್ಡು ಮೆತ್ತತೈತಿ. ನರಾ ಸಣ್ಣ ಆಗತಾವ. ಕಾಲಾಗ ಸಣ್ಣ ಆದ್ರ ನಡಿಯಾಕ ಆಗೂದಿಲ್ಲ. ಎದ್ಯಾಗ ಸಣ್ಣ ಆದ್ರ..."

"ಎದ್ಯಾಗ ಆದ್ರ ಏನು ಅಂತ ನನ್ನ ಬಾಯಿಲೆ ಯಾಕ ಹೇಳಸ್ತೀಯೋ?"

"ಹಾಂ... ಬಿ.ಪಿ. ಐತಿ. ಸಕ್ಕರಿ?... ಸಕ್ಕರೀನೂ ಐತಿ. ಹೊಟ್ಟಿ ಅಂತೂ ನಿನ್ಕಿಂತ ಮದ್ಲ ಅಂಗಡಿ ಮುಟ್ಟತೈತಿ. ಡಾಕ್ಟರು ಏನಂದಿದ್ರು ಗೊತ್ತೈತೇನು? ಇವು ನಾಕೂ ಒಂದ ಮನಿ ಅಣ್ಣತಮ್ಮರು ಅಂತ. ಹೊಟ್ಟಿ, ಸಕ್ಕರಿ, ಬಿ.ಪಿ., ಕೊಬ್ಬು. ಒಬ್ಬಾಂವ ಬಂದು ಕುಂತ್ರ ಉಳದ ಮೂರೂ ಮಂದೀನ ಕರೀತಾನಂತ. ಜಗಳಾ ಮಾಡದ ಕೂಡಿ ಇರೂ ಅಣ್ಣತಮ್ಮರು ಅವರೊಬ್ರ..."

"ನಗತಿ ಯಾಕ? ನಕ್ಕು ನಕ್ಕು ಉಸರ ಹತ್ತೇತಿ ನೋಡು ನಿನಗ..."

ಅದು ನಗೆಗೆ ಹತ್ತಿದ ಉಸಿರಲ್ಲ ಎಂದು ಇಂದುಬಾಯಿಗೆ ಗೊತ್ತಿತ್ತು. ಆದರೆ ಡಾಕ್ಟರ ಮಾತು ಈ ಮನೆತನದಲ್ಲಿ ಕೆಲಸಕ್ಕೆ ಬಾರದು. ಡಾಕ್ಟರಿಗೆ ಶಾಸ್ತ್ರ ಗೊತ್ತಿಲ್ಲ. ಶಾಸ್ತ್ರ ಇಂದುಬಾಯಿಗೂ ಗೊತ್ತಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಪೂಜ್ಯರ ಹೆಂಡತಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ.

"ಬಿಡು. ಡಾಕ್ಟರನ್ನ ಬಿಡು. ಶಾಸ್ತ್ರದ ಮಾತ ಆಡೂಣು. ತೀರ್ಥಂಕರರು ಎಷ್ಟು ಮಂದಿ?... ಇಪ್ಪತ್ನಾಕು. ಮುಗದ್ರೋ ಇನ್ನೂ ಅದಾರೋ?... ಮುಗದ್ರು. ಈ ಪಂಚಮ ಕಾಲದಾಗ ಈ ನಾಡಿನ್ಯಾಗ ಇನ್ನೊಬ್ರು ಆಗತಾರೇನು?... ಪಂಡಿತರು ಬಾಜೂಕ ಇದ್ರ ಕೇಳು, ನಾ ಫೋನು ಹಿಡಕೊಂಡ ಕುಂಡರ್ತೇನಿ... ಆಗೂದಿಲ್ಲ. ಹಂಗಾರ ಇಪ್ಪತ್ತೈದನೇದಾಂವ ಹುಕ್ಕೇರಿ ಅರಿವಿ ಅಂಗಡ್ಯಾಗ ಹೆಂಗ ಹುಟ್ಟಿದಾ?..."

"ಅಂಶ? ಅಂಶಾನೂ ಇಲ್ಲ, ತುಣುಕೂ ಇಲ್ಲ. ಕೇಳಿಲ್ಲಿ. ಹಾಲಿನ ರಗತ ಒಂದ ಲಕ್ಷಣ ಅಲ್ಲ, ಅದರ ಜೋಡಿ ಇನ್ನೂ ಒಂಬತ್ತ ಅದಾವ. ಮೈ ಸುಗಂಧ ಇರಬೇಕು. ಗೌರಾನ್ನ ಕೇಳು, ಸಂಜೀಕ ನಿನ್ನ ಅಂಗಿ ಒಗ್ಯಾಕ ಹಾಕೂ ಮುಂದ ಮೂಗು ಮುಚಗೋತಾಳೋ ಇಲ್ಲೋ ಅಂತ... ಮಾತು ಸಿಹಿ ಇರಬೇಕು. ಅದನ್ನ ನಿನ್ನ ಗಿರಾಕೀನ ಕೇಳೂಣು... ಬೆವರು ಬರಬಾರ್ದು. ತಿಳೀತೇನು? ತೀರ್ಥಂಕರರಿಗಿ ಬೆವರಿಲ್ಲ. ನಿನಗ ಬೆವರು ಬರತೈತೋ ಇಲ್ಲೋ?..."

"ಹಾಂ. ಬರತೈತಿ. ಮುಗೀತಲ್ಲ. ಇನ್ನ ಮಂಟಪ ಬಿಚ್ಚಸು."

ಆ ಕಡೆಯಿಂದ ತಾಳ ಮಾತ್ರ ಕೇಳಿಸುತ್ತಿತ್ತು. ಇಂದುಬಾಯಿ ಗೆದ್ದೆನೆಂದುಕೊಂಡರು. ತಾವು ಮದುವೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗ ಇವನು. ವಾದದಲ್ಲಿ ಸೋತರೆ ಆಗಲೂ ಹೀಗೇ ಸುಮ್ಮನಾಗುತ್ತಿದ್ದ, ಆಮೇಲೆ ಬೇರೆ ಬಾಗಿಲಿನಿಂದ ಬರುತ್ತಿದ್ದ.

"ಏನಂದಿ?... ಅಣ್ಣ?... ಅಣ್ಣಗ ಬೆವರು ಬರತಿದ್ದಿಲ್ಲ ಅಂತ ಯಾರ ಹೇಳಿದ್ರು ನಿನಗ?... ಅವ್ವ ಹೇಳಿದ್ಲು. ಹೂಂ..."

ಬೇರೆ ಬಾಗಿಲು ಇದೇ. ಆತ ತನ್ನ ಹಾಲುರಕ್ತವನ್ನು ಬಿಟ್ಟುಕೊಡಲು ತಯಾರಾಗಿದ್ದ, ಅಣ್ಣನದನ್ನಲ್ಲ. ಅಣ್ಣನದು ನಿಜವಾಗಿದ್ದರೆ ತನ್ನದೂ ನಿಜವಾಗಲು ಜಾಗ ಉಳಿಯುತ್ತಿತ್ತು. ತಂದೆಯಿಲ್ಲದ ಮನೆಯಲ್ಲಿ ಆತನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಅಣ್ಣ. ಹುಕ್ಕೇರಿಯ ಅಂಗಡಿಯಲ್ಲಿ ದಿನಾ ಮೊದಲ ಊದುಬತ್ತಿ ಆ ಅಣ್ಣನಿಗೆ. ಆ ನಂಬಿಕೆಯನ್ನು ಕಸಿದುಕೊಂಡರೆ ಬದಲಿಗೆ ಕೊಡಲು ಇಂದುಬಾಯಿಯ ಹತ್ತಿರ ಏನೂ ಇರಲಿಲ್ಲ. ಸುಮ್ಮನಿದ್ದರೆ ಸಂಜೆಯ ಬಸ್ಸಿಗೆ ಹೋಗಿ ಫೋಟೋದ ಪಕ್ಕದಲ್ಲಿ ಇನ್ನೊಂದು ಫೋಟೋಕ್ಕೆ ಜಾಗ ಮಾಡಬೇಕು.

"ಧನ್ಯಾ... ಆ ಮುಂಜಾನೆ ನೀ ಇದ್ದಿದ್ದಿಲ್ಲ. ನೀ ಬರೂದರಾಗ ಮೈ ತೊಳದು, ಬಿಳಿ ಬಟ್ಟಿ ಉಡಿಸಿ ಮಲಗಿಸಿದ್ರು. ಶಾಂತ ಮಲಗಿದಂಗ ಅದಾರ ಅಂತ ನೀನ ಅಂದಿ... ನಾ ಇದ್ನೆಲ್ಲ. ನಾ ಒಬ್ಬಾಕೀನ ಇದ್ನಿ."

"ಬೆವತಿದ್ರು. ಎಷ್ಟ ಬೆವತಿದ್ರು ಅಂತಿ? ಅಂಗಿ ಮೈಗಿ ಹತ್ತಿತ್ತು. ಹಾಸಿಗಿ ಹಿಂಡಿದ್ರ ನೀರ ಬರತಿತ್ತು. ಮೈ ಮಾತ್ರ ತಣ್ಣಗ, ಕಲ್ಲಿನಂಗ. ಎಡಗೈ ಹಿಡಕೊಂಡು ನನ್ನ ಮಾರಿ ನೋಡಿದ್ರು. ಮಣ್ಣಿನ ಬಣ್ಣಾ ಆಗಿತ್ತು ಮಾರಿ... ಗಾಡಿ ತರ್ರಿ ಅಂತ ಒದರಿದ್ನಿ. ಹೊರಗ ಅಂಗಳದಾಗ ದರ್ಶನಕ್ಕ ಬಂದ ಮಂದಿ ಣಮೋಕಾರ ಮಂತ್ರ ಹಾಡಾಕತ್ತಿದ್ರು. ನನ್ನ ದನಿ ಅದರಾಗ ಕೂಡಿ ಹೋತು..."

"ಸಂತರು ಅಲ್ಲೋ. ಮನಿಶ್ಯಾ. ನನ್ನ ಗಂಡ. ಅಂಜಿದ್ರು. ಸಾಯಾಕ ಅಂಜಿದ್ರು."

"ಹಲೋ?... ಅಳಾಕತ್ತೀ?... ಅಳು, ಅಳು. ಅತ್ತು ಮುಗಿಸಿ ಎದ್ದು ದವಾಖಾನಿಗಿ ಹೋಗು..."

"ಧನ್ಯಾ?..."

ತಾಳ ಬಡಿಯುತ್ತಿತ್ತು. ಅದರ ಕೆಳಗೆ ಉಸಿರು, ಸೀಟಿ, ಉಸಿರು. ಅಳುವವರ ಉಸಿರು ಹಾಗಿರುವುದಿಲ್ಲ. ಇಂದುಬಾಯಿಗೆ ಆ ಉಸಿರಿನ ಒಂದೊಂದು ಏರಿಳಿತವೂ ಗೊತ್ತಿತ್ತು. ಒಮ್ಮೆ ಅದನ್ನು ಕೊನೆಯವರೆಗೂ ಕೇಳಿದವರು. ಫೋನಿನಲ್ಲಿ ಯಾರಿದ್ದಾರೆಂದು ಒಂದು ಗಳಿಗೆ ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ.

"ಯಾರದು?... ಧನ್ಯಾ, ನೀನ ಇದ್ದೀ ಹೌದಿಲ್ಲೋ? ಮಾತಾಡೋ... ಹಾಂ?... ಏನಂದಿ?..."

"ಈಗ?... ಈಗ ಬೆವರಾಕತ್ತೇತಿ?... ಎಲ್ಲಿ? ಮಾರಿ ಮ್ಯಾಲ?... ಎಲ್ಲಾ ಕಡೇನ? ಪಂಖಾ ಐತಿಲ್ಲ ಮ್ಯಾಲ?... ತಿರಗಾಕತ್ತೇತಿ, ಆದ್ರೂ ಬೆವರು. ಎದಿ?... ಮುಂಜಾನೆಯಿಂದ ಹಿಡದೈತಿ? ಮುಂಜಾನೆಯಿಂದ! ಹೋಳಿಗಿ ಪಿತ್ತ ಅನಕೊಂಡ್ಯಾ? ಅಯ್ಯ ಮೂರ್ಖಾ, ನಿಮ್ಮಣ್ಣನೂ ಪಿತ್ತ ಅಂದಿದ್ರು!"

"ಏಳಬ್ಯಾಡ. ಏಳಬ್ಯಾಡ ಅಂದ್ನಿ. ಕುಂತಲ್ಲೇ ಕುಂದ್ರು. ಗೌರಾನ್ನ ಕರಿ... ಗೌರಾ ಎಲ್ಲಿ? ಕೂಗು... ನಿನ್ನ ದನಿ ಕೇಳಸವಲ್ದು, ಅಕಿಗಿ ಕೇಳಸೂದಿಲ್ಲ. ಯಾರರ ಬಾಜೂಕಿದ್ರ ಅವರ ಕೈಯಾಗ ಫೋನು ಕೊಡು. ಯಾರರ... ಹಲೋ? ಯಾರ್ರಿ?..."

"ಯಾರ್ರಿ ನೀವು?... ದರ್ಶನಕ್ಕ ಬಂದಾವ್ರಾ. ಛಲೋ ಆತು. ನಾ ಆದಿನಾಥರ ಹೆಂಡತಿ. ಹೌದ್ರಿ, ಅವರ ಹೆಂಡತೀನ... ನಮಸ್ಕಾರ ಆಮ್ಯಾಲ ಮಾಡ್ರಿ! ಆ ಭಜನಿ ನಿಂದರಸ್ರಿ ಮದ್ಲ. ನಿಂದರಸ್ರಿ ಅಂದ್ನಿ! ಗೌರಕ್ಕನ ಕೈಯಾಗ ಫೋನು ಕೊಡ್ರಿ..."

ದರ್ಶನಕ್ಕೆ ಬಂದ ಆ ಮನುಷ್ಯ ಯಾರೋ, ಇಂದುಬಾಯಿಯವರಿಗೆ ಕೊನೆವರೆಗೂ ತಿಳಿಯಲಿಲ್ಲ. ಆದರೆ ಪೂಜ್ಯರ ಹೆಂಡತಿ ಹೇಳಿದ್ದನ್ನು ಕೇಳಿ, ಹೇಳಿದಷ್ಟನ್ನು ಮಾಡಿದ ಮೊದಲ ಭಕ್ತ ಅವನು. ತಾಳ ನಿಂತಿತು. ಹುಕ್ಕೇರಿಯ ಆ ಮನೆ ಎಷ್ಟು ಸ್ತಬ್ಧವಾಯಿತೆಂದರೆ, ತಂತಿಯ ಈ ತುದಿಯಲ್ಲಿ ಅಲ್ಲಿನ ಪಂಖ ತಿರುಗುವ ಸಪ್ಪಳ ಕೇಳಿಸಿತು.

"ಗೌರಾ? ಹಾಂ, ನಾನ. ಅಳಬ್ಯಾಡ, ಕೇಳು. ಇದು ಎದಿದು. ಎದಿದು ಅಂದ್ನಿ, ಪಿತ್ತ ಅಲ್ಲ... ಯಾರದರ ಜೀಪು ಇದ್ರ ಮನಿ ಬಾಗಲಿಗಿ ತರಸು. ನಡಸಬ್ಯಾಡ್ರಿ ಅವನ್ನ, ಕುರ್ಚಿ ಸಮೇತ ಎತ್ತರಿ... ದಪ್ಪ ಅದಾನ, ಹೌದು, ಅಷ್ಟ ಮಂದಿ ಬಂದಾರಲ್ಲ, ಎಲ್ಲಾರೂ ಕೈ ಹಚ್ರಿ! ಊರಾಗಿನ ದವಾಖಾನ್ಯಾಗ ಸೂಜಿ ಮಾಡಿಸಿ ಹಂಗ ಬೆಳಗಾವಿಗಿ..."

"ಮಂಟಪ ಅಡ್ಡ ಐತಿ? ಜೀಪು ಬರೂದಿಲ್ಲ?... ಕಿತ್ತಿ ಒಗೀರಿ! ಕಿತ್ತಿ ಒಗೀರಿ ಗೌರಾ, ಪಾಪ ಬಂದ್ರ ನನಗ ಬರ್ಲಿ..."

"ಏನಂತಾನ? ನನಗ ಹೇಳಂತಾನ?... ಏನು ಹೇಳಂತಾನ?... ಅಣ್ಣಗ ಬಾಳ ನೋವಾತೇನು ಅಂತ?... ಗೌರಾ, ಅವಗ ಹೇಳು... ಹೇಳು, ಬಾಳ ಹೊತ್ತ ಆಗ್ಲಿಲ್ಲ ಅಂತ. ನಾ ಕೈ ಹಿಡಕೊಂಡಿದ್ನಿ ಅಂತ. ಹೇಳಿದ್ಯಾ?... ಹಲೋ? ಗೌರಾ, ಹೇಳಿದ್ಯೇನು?... ಹಲೋ... ಹಲೋ..."

ಲೈನು ಕಡಿದಿತ್ತು. ಧನ್ಯಕುಮಾರನನ್ನು ಆ ಸಂಜೆ ಬೆಳಗಾವಿಯ ದವಾಖಾನೆಗೆ ಸೇರಿಸಿದರು. ಅವನು ಬದುಕಿದ.